ಎರಡು ರೂಪಾಯಿ ಏಳಾಣೆ

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಬೈಕ್ ಕಳುವಾದವು. ಭಾನುವಾರ ಮೀಟಿಂಗ್ ಮಾಡಿ, ರಾತ್ರಿಗೆ ಇನ್ನಿಬ್ಬರು ವಾಚ್‌ಮನ್ ಬೇಕು, ಮನೆಗೆ ತಿಂಗಳಿಗೆ 300 ರೂಪಾಯಿ ಹೆಚ್ಚು ಅಂತ ತೀರ್ಮಾನಿಸಿದರು. ಬೈಕ್ ಕಳೆದುಕೊಂಡ ಹುಡುಗ ಮೆಲ್ಲಗೆ ಕೇಳಿದ: "ಸಾರ್, ನಾನೂ ಕೊಡಬೇಕಾ?" ಎಲ್ಲರೂ ನಕ್ಕರು. ನನಗೆ ಮಾತ್ರ ಹಿಂದೆಂದೋ ಓದಿದ್ದ ಬೋರ್ಸದ್ ನೆನಪಾಯ್ತು.

ಬೋರ್ಸದ್ ಗುಜರಾತಿನ ಆಗಿನ ಖೇಡಾ ಜಿಲ್ಲೆಯ ಒಂದು ತಾಲ್ಲೂಕು. 1920ರ ದಶಕದ ಶುರುವಿನಲ್ಲಿ ಬಾಬರ್ ದೇವಾ ಅನ್ನೋ ಡಕಾಯಿತನ ಕಾಟ. ಪೊಲೀಸರಿಗೆ ಸುಳಿವು ಕೊಟ್ಟರು ಅಂತ ಅನುಮಾನ ಬಂದವರನ್ನು ಕೊಂದೇಬಿಡ್ತಿದ್ದ. ಇನ್ಯಾರು ಬಾಯಿ ಬಿಡ್ತಾರೆ? ಮುಂಬಯಿ ಸರ್ಕಾರ ಮಾತ್ರ ಇದನ್ನು ಬೇರೆ ಥರ ಓದಿಕೊಂಡಿತು: ಜನ ಬಾಯಿ ಬಿಡುತ್ತಿಲ್ಲ, ಅಂದ್ರೆ ಅವರೇ ಡಕಾಯಿತರಿಗೆ ಆಸರೆ ಕೊಟ್ಟಿದ್ದಾರೆ! 1923ರ ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಹೆಚ್ಚುವರಿ ಪೊಲೀಸರನ್ನು ಹಾಕಿ, ಆ ಖರ್ಚನ್ನು ಹಳ್ಳಿಯವರ ತಲೆಗೇ ಕಟ್ಟಿತು. ಹದಿನಾರು ದಾಟಿದ ಪ್ರತಿಯೊಬ್ಬರೂ, ಗಂಡಸಾಗಲಿ ಹೆಂಗಸಾಗಲಿ, 2 ರೂಪಾಯಿ 7 ಆಣೆ ಕೊಡಬೇಕು. ಡಕಾಯಿತರಿಂದ ಲೂಟಿಯಾದವನೂ ಸೇರಿ.

ಒಟ್ಟು ವಸೂಲಿ ಆಗಬೇಕಿದ್ದದ್ದು ಸುಮಾರು 2 ಲಕ್ಷ 40 ಸಾವಿರ. ಭಾಗಾಕಾರ ಮಾಡಿ ನೋಡಿದೆ (ಎಂಜಿನಿಯರ್ ಬುದ್ಧಿ, ಬಿಡಿ): ಹತ್ತಿರ ಹತ್ತಿರ 98 ಸಾವಿರ ತಲೆಗಳು. ಐದು ಜನ ದೊಡ್ಡವರಿರೋ ಒಕ್ಕಲು ಮನೆಗೆ 12 ರೂಪಾಯಿ 3 ಆಣೆ. ಶ್ರೀಮಂತನಿಗೂ ಕೂಲಿಯವನಿಗೂ ಒಂದೇ ದರ.

ಗಾಂಧೀಜಿ ಆಗ ಯರವಡಾ ಜೈಲಿನಲ್ಲಿದ್ದರು. ಹಾಗಾಗಿ ಇದು ಪೂರ್ತಿ ವಲ್ಲಭಭಾಯಿ ಪಟೇಲರ ಹೋರಾಟ. ಅವರು ಭಾಷಣಕ್ಕೆ ಮೊದಲು ವಿಚಾರಣೆಗೆ ಜನ ಕಳಿಸಿದರು. ರವಿಶಂಕರ ಮಹಾರಾಜ್, ಮೋಹನಲಾಲ್ ಪಂಡ್ಯ ಹಳ್ಳಿ ಹಳ್ಳಿ ತಿರುಗಿ ತಂದ ಸುದ್ದಿ ಏನು ಗೊತ್ತಾ? ಬಾಬರ್‌ನನ್ನು ಹಿಡಿಯೋಕೆ ಅಂತ ಪೊಲೀಸರೇ ಅಲಿ ಅನ್ನೋ ಇನ್ನೊಬ್ಬ ಡಕಾಯಿತನ ಕೈಗೆ ಬಂದೂಕು ಕೊಟ್ಟಿದ್ದರು, ಅವನು ಅದೇ ಬಂದೂಕು ಹಿಡಿದು ದರೋಡೆ ಮಾಡ್ತಿದ್ದ ಅಂತ. ಆಸರೆ ಕೊಟ್ಟವರು ಯಾರು ಹಾಗಾದ್ರೆ?

ಡಿಸೆಂಬರಿನಲ್ಲಿ ಕರನಿರಾಕರಣೆ ಶುರುವಾಯ್ತು. ಜಪ್ತಿ ಹಗಲಲ್ಲಿ ಮಾತ್ರ ನಡೀತಿತ್ತು. ಅದಕ್ಕೇ ಜನ ಹಗಲೆಲ್ಲ ಮನೆಗೆ ಬೀಗ ಹಾಕಿ, ರಾತ್ರಿ ಬಾಗಿಲು ತೆರೆದು ಬದುಕಿದರು. ಅಧಿಕಾರಿಗಳು ಬಂದರೆ ಡೋಲಿನ ಸದ್ದಿನಲ್ಲಿ ಸೂಚನೆ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು: ಸ್ವಯಂಸೇವಕರು ರಾತ್ರಿ ಗಸ್ತು ತಿರುಗಿದರು. ಅಂದ್ರೆ ಯಾವ ಕೆಲಸಕ್ಕೆ ದುಡ್ಡು ಕೇಳಿದ್ದರೋ ಅದನ್ನೇ ಪುಕ್ಕಟೆ ಮಾಡಿ ತೋರಿಸಿದರು :)

ಹೊಸದಾಗಿ ಬಂದಿದ್ದ ಗವರ್ನರ್ ಲೆಸ್ಲಿ ವಿಲ್ಸನ್ (ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಕ್ಕೂ ಆಗ ಅವನೇ ಗವರ್ನರ್) ತನ್ನ ಗೃಹ ಸದಸ್ಯ ಮಾರಿಸ್ ಹೇವರ್ಡ್‌ನನ್ನು ಕಳಿಸಿ ವಿಚಾರಿಸಿದ. 1924ರ ಜನವರಿಯಲ್ಲೇ ತೆರಿಗೆ ರದ್ದು! ಪೊಲೀಸರ ಖರ್ಚು ಸರ್ಕಾರದ ಬೊಕ್ಕಸಕ್ಕೇ ಬಿತ್ತು.

ಕತೆ ಇಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಆದ್ರೆ ಸ್ವಾತಂತ್ರ್ಯ ಬಂದ ಮೇಲೆ ರಾಜಸ್ಥಾನ ಸರ್ಕಾರ ಝುಂಝುನು ಜಿಲ್ಲೆಯ 24 ಹಳ್ಳಿಗಳಿಗೆ ಇದೇ ಥರ ಹೆಚ್ಚುವರಿ ಪೊಲೀಸರ ಖರ್ಚು ಹಾಕಿತ್ತು. ಬಳಸಿದ್ದು ಬ್ರಿಟಿಷರದೇ 1861ರ ಪೊಲೀಸ್ ಕಾಯ್ದೆಯ 15ನೇ ಕಲಂ. ಕೊಟ್ಟ ಕಾರಣವೂ ಅದೇ, ಡಕಾಯಿತರಿಗೆ ಆಸರೆ. ಹರಿಜನರಿಗೂ ಮುಸ್ಲಿಮರಿಗೂ ವಿನಾಯಿತಿ ಇತ್ತು. 1960ರಲ್ಲಿ ಸುಪ್ರೀಂ ಕೋರ್ಟ್, ಉಳಿದ ಜಾತಿಗಳಲ್ಲೂ ಕಾನೂನಿಗೆ ತಲೆಬಾಗಿ ನಡೆಯೋರಿದ್ದಾರಲ್ಲ, ಜಾತಿ-ಧರ್ಮ ನೋಡಿ ಬಿಡುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಬಿದ್ದುಹೋದದ್ದು ಆ ವಿನಾಯಿತಿ, ಕಲಂ ಅಲ್ಲ.

ಅಂದ ಹಾಗೆ, ಆ ಹುಡುಗನೂ 300 ರೂಪಾಯಿ ಕೊಟ್ಟ. ನಾನೂ ಕೊಟ್ಟೆ.