ಬೂಸಾ ಅಂದ ಓದುಗ

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಓದುಗನೊಬ್ಬ ತನ್ನ ಅಭಿಪ್ರಾಯ ಹೇಳಿದ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ. ದಲಿತ ಹುಡುಗರು ಇಂಗ್ಲಿಷನ್ನೂ ಓದಬೇಕು ಅಂದ. ಅಷ್ಟಕ್ಕೇ ನಾಡು ಹೊತ್ತಿಕೊಂಡಿತು. ಊರೂರಲ್ಲಿ ಮೆರವಣಿಗೆ, ಕಲ್ಲು, ಧಿಕ್ಕಾರ. ಹಾಸ್ಟೆಲಿನಲ್ಲಿ ಮುದ್ದೆ ತಿಂದು ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ದಲಿತ ಹುಡುಗರಿಗೆ ಏಟು ಬಿದ್ದವು. ಕೊನೆಗೆ ಆ ಓದುಗ ತನ್ನ ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಅವರೇ ಬಿ. ಬಸವಲಿಂಗಪ್ಪನವರು. ದೇವರಾಜ ಅರಸರ ಸಂಪುಟದಲ್ಲಿದ್ದು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದವರು. ನಮ್ಮ ಕೆಂಪಾಪುರಕ್ಕೆ ಕೂಗಳತೆಯ ಯಲಹಂಕ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋದವರು.

ಗೆಳೆಯರೆ, ಈ ಕತೆಯನ್ನು ರಾಜಕೀಯದ ಕತೆ ಅಂತ ಮಾತ್ರ ಹೇಳಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ನಾವು ಇದನ್ನು ಓದಿನ ಚರಿತ್ರೆ ಅಂತ ನೋಡುತ್ತೇವೆ. ಒಬ್ಬ ಓದುಗ ತಾನು ಓದಿದ್ದರ ಬಗ್ಗೆ ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಅನ್ನಬಹುದೆ? ಅನ್ನಬಹುದು. ಆದರೆ ಆ ಓದುಗ ಯಾರು ಅನ್ನೋದು ಮುಖ್ಯವಾಗಿಬಿಡುತ್ತದೆ. ನಲವತ್ತರ ದಶಕದಲ್ಲಿ ಅನಕೃ ಮತ್ತು ಪ್ರಗತಿಶೀಲರು ಹಿಂದಿನವರ ಬರವಣಿಗೆಯನ್ನು ಜನರ ಬದುಕಿಗೆ ದೂರ ಅಂತ ಜರಿದರು. ಆಮೇಲೆ ನವ್ಯದವರು ಬಂದು ಪ್ರಗತಿಶೀಲರ ಕಾದಂಬರಿಗಳನ್ನು ಬರೀ ಸದ್ದು ಅಂತ ತಳ್ಳಿದರು. ಅವರು ಅಂದದ್ದಕ್ಕೆ ವಿಮರ್ಶೆ ಅಂತ ಹೆಸರು ಬಂತು, ಪಾಠವಾಯಿತು, ನಾವೂ ಬಿ.ಎ. ಪರೀಕ್ಷೆಯಲ್ಲಿ ಅದನ್ನೇ ಬರೆದು ಮಾರ್ಕ್ಸು ತಗೊಂಡೆವು. ನಮ್ಮವರೊಬ್ಬರು ಅಂದರೆ ಭಾಷಾದ್ರೋಹ!

ಬೂಸಾ ಅಂದರೇನು ಅಂತ ನಮಗೆ ನಿಘಂಟು ಹೇಳಬೇಕಾಗಿಲ್ಲ. ದನದ ಮುಂದೆ ಬೂಸಾ ಕಲಸಿಟ್ಟ ಕೈ ನಮ್ಮವ್ವಂದಿರದು. ಹಾಲು ಕರೆದುಕೊಂಡವರು ಬೇರೆ.

ಈಗ ಕೆಂಪಾಪುರದಲ್ಲಿ ದನ ಎಲ್ಲಿವೆ? ಹೊಲ ಬಡಾವಣೆಯಾಯಿತು. ಒಂದು ಕಡೆ ಹೆಬ್ಬಾಳದ ಮೇಲ್ಸೇತುವೆ, ಇನ್ನೊಂದು ಕಡೆ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಗೋಡೆ. ಇವುಗಳ ನಡುವೆ ಒಂದು ಟೀ ಅಂಗಡಿಯ ಮುಂದೆ ನಾವು ಐದಾರು ಮಂದಿ ಭಾನುವಾರ ಸಂಜೆ ಸೇರುತ್ತೇವೆ. ಒಬ್ಬ ಗಾಜಿನ ಕಟ್ಟಡಕ್ಕೆ ಕಾವಲು, ಒಬ್ಬ ಆಟೋ ಓಡಿಸುತ್ತಾನೆ, ಒಬ್ಬರು ಅತಿಥಿ ಶಿಕ್ಷಕರು, ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ಎಲ್ಲರೂ ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ಅಲ್ಲಿ ನಡೆಯುವುದು ಕಾದಂಬರಿಗಳ ಪಂಚಾಯ್ತಿ.

ಮೊದಲು ತೆಗೆದುಕೊಂಡದ್ದು ಕಾರಂತರ ‘ಚೋಮನ ದುಡಿ’. ಅದು ಅಚ್ಚಾದದ್ದು 1933ರಲ್ಲಿ. ಆಗ ಅದನ್ನು ಕೈಗೆತ್ತಿಕೊಂಡು ಓದಬಲ್ಲ ಚೋಮ ಎಷ್ಟು ಜನ ಇದ್ದಾರು? ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ಚೋಮ ಸಿಕ್ಕಿದ್ದು ಪುಸ್ತಕದಲ್ಲಲ್ಲ, 1975ರಲ್ಲಿ ಬಿ.ವಿ. ಕಾರಂತರು ತೆಗೆದ ಸಿನಿಮಾದಲ್ಲಿ. ಚೋಮನ ಹತ್ತಿರ ಎತ್ತಿವೆ, ಉಳಲು ನೆಲ ಇಲ್ಲ. ಮಗ ನೀಲ ನೀರಲ್ಲಿ ಮುಳುಗುವಾಗ ದಡದ ಮೇಲಿನ ಜಾತಿಯವರು ಮುಟ್ಟಬಾರದೆಂದು ನಿಂತುಬಿಡುತ್ತಾರೆ. ಆ ಪುಟ ಓದುವಾಗ ನಮ್ಮಲ್ಲಿ ಯಾರೂ ಟೀ ಮುಟ್ಟಲಿಲ್ಲ. ಕಾರಂತರ ಮೇಲೆ ನಮಗೆ ಗೌರವ ಇದೆ. ಆ ಕಾಲಕ್ಕೆ ಅಷ್ಟು ಹತ್ತಿರ ಬಂದು ನೋಡಿದ್ದು ಸಣ್ಣ ಮಾತಲ್ಲ. ಆದರೂ ಆಟೋದ ಗೆಳೆಯ ಕೇಳಿಯೇ ಬಿಟ್ಟ: “ಅಲ್ಲ ಕಣಣ್ಣ, ಚೋಮ ದುಡಿ ಬಾರಿಸ್ಕೊಂಡು ಸಾಯೋದೇ ಯಾಕೆ? ಒಂದ್ಸಲ ನೇಗಿಲು ಕಟ್ಟಿ ಧಣಿ ಗದ್ದೆಗೆ ಇಳಿದು ನೋಡಬಾರದಿತ್ತಾ?” ಶಿಕ್ಷಕರು ಕಾಲದ ಮಿತಿ ಅಂದರು. ಅವನು ಒಪ್ಪಲಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದಾಗ ನರ್ಸಿಂಗ್ ಹುಡುಗಿ ಒಂದು ಮಾತು ಹಿಡಿದಳು. ಚೋಮನ ಮಗಳ ಹೆಸರು ಬೆಳ್ಳಿ. ‘ಸಂಸ್ಕಾರ’ದ ಹೊಲಗೇರಿಯ ಹುಡುಗಿಯೂ ಬೆಳ್ಳಿ. ಇಬ್ಬರನ್ನೂ ಮೇಲಿನವರ ಕಣ್ಣು ಮೈಯಾಗಿಯೇ ನೋಡುತ್ತದೆ. ಆಮೇಲೆ ಅವಳು ಹೇಳಿದ್ದು ಇನ್ನೂ ದೊಡ್ಡದು. ನಾರಣಪ್ಪನ ಹೆಣ ಸುಡುವವರು ಯಾರು ಅಂತ ಇಡೀ ಅಗ್ರಹಾರ ಅನ್ನ ಬಿಟ್ಟು ಕೂತಿದೆ, ತಾಳೆಗರಿ ತಿರುವುತ್ತಿದೆ, ಮಠಕ್ಕೆ ಓಡುತ್ತಿದೆ. ಅದೇ ಪ್ಲೇಗಿನಲ್ಲಿ ಹೊಲಗೇರಿಯವರು ಸತ್ತರೆ ಗುಡಿಸಲ ಸಮೇತ ಬೆಂಕಿ ಇಟ್ಟು ಮುಗಿಸುತ್ತಾರೆ. ಅಲ್ಲಿ ಸಂಸ್ಕಾರದ ಪ್ರಶ್ನೆಯೇ ಏಳುವುದಿಲ್ಲ. ಎಷ್ಟೋ ವಿಮರ್ಶೆ ಓದಿದ ನಮಗೆ ಕೆಂಪಾಪುರದ ಈ ಹುಡುಗಿಯ ಮಾತು ದಾರಿ ತೋರಿಸಿತು. ಹೆಣ ಕಂಡರೆ ಅವಳಿಗೆ ಹೆದರಿಕೆ ಇಲ್ಲ, ವಾರ್ಡಿನಲ್ಲಿ ಕೆಲಸ ಕಲಿಯುವವಳು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ದಪ್ಪ ಪುಸ್ತಕ. ಮುಗಿಸಲು ಒಂದು ಮಳೆಗಾಲ ಬೇಕಾಯಿತು. ಆದರೆ ನಾಯಿಗುತ್ತಿ ಎಲ್ಲರಿಗೂ ನೆಂಟನಾಗಿಬಿಟ್ಟ. ಅವನು ಯಾರ ಮರುಕವನ್ನೂ ಕೇಳುವುದಿಲ್ಲ, ಹುಲಿಯನನ್ನು ಕರೆದುಕೊಂಡು ಕಾಡು ಹೊಕ್ಕು ತನಗೆ ಬೇಕಾದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಕಾವಲಿನ ಗೆಳೆಯನಿಗೆ ಹುಲಿಯ ತುಂಗೆಯ ಪಾಲಾದದ್ದೇ ದೊಡ್ಡ ದುಃಖ. ಅವನ ರಾತ್ರಿ ಪಾಳಿಗೆ ಜೊತೆಯೂ ಒಂದು ಬೀದಿನಾಯಿಯೇ ಅನ್ನೋದನ್ನ ಇಲ್ಲಿ ಹೇಳಬೇಕು.

ಇಷ್ಟು ಹೇಳಿದ ಮೇಲೆ 1973ಕ್ಕೆ ಮತ್ತೆ ಬರೋಣ. ಬೂಸಾ ಗಲಾಟೆಯಾದ ಅದೇ ವರ್ಷ ದೇವನೂರ ಮಹಾದೇವ ಅವರ ‘ದ್ಯಾವನೂರು’ ಕಥೆಗಳು ಬಂದವು. ಎರಡು ವರ್ಷಕ್ಕೆ, 1975ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಏಟು ತಿಂದ ಹಾಸ್ಟೆಲುಗಳಿಂದಲೇ ಸಂಘಟನೆ ಎದ್ದಿತು, ದಲಿತ ಸಂಘರ್ಷ ಸಮಿತಿಯ ಬೇರು ಅಲ್ಲಿದೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಕೊಡಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಬೆಂಗಳೂರಲ್ಲೇ ಬಂಡಾಯ ಸಮ್ಮೇಳನ ನಡೆಯಿತು. ಬೂಸಾ ಅಂದವರಿಗೆ ಉತ್ತರವಾಗಿ ಕಲ್ಲು ಬಂತು. ಕಲ್ಲು ಬಿದ್ದ ಕಡೆಯಿಂದ ಪುಸ್ತಕ ಬಂತು.

‘ಒಡಲಾಳ’ದ ಸಾಕವ್ವನನ್ನು ಯಾರೂ ನಮಗೆ ವಿವರಿಸಬೇಕಾಗಲಿಲ್ಲ. ಅವಳ ಮನೆಯವರು ಕದ್ದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುವ ಭಾಗವನ್ನು ಶಿಕ್ಷಕರು ಗಟ್ಟಿಯಾಗಿ ಓದಿದರು. ಟೀ ಅಂಗಡಿಯವರೂ ಸ್ಟವ್ ಸಣ್ಣದು ಮಾಡಿ ಕೇಳಿದರು. ಚಾಮರಾಜನಗರದ ಕಡೆ ಮಾತು, ನಮ್ಮ ಮಾತಲ್ಲ. ನಮ್ಮಲ್ಲಿ ಕೆಲವರ ಮನೆಯಲ್ಲಿ ತೆಲುಗು. ಆದರೂ ಹಸಿವಿಗೆ ಅರ್ಥ ಹೇಳಬೇಕಾಗಲಿಲ್ಲ.

1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ‘ಕುಸುಮಬಾಲೆ’ ಮಾತ್ರ ಜಗಳ ತಂದಿದೆ. ದೀಪದ ಜೋತಮ್ಮಗಳು ಕೂತು ಮಾತಾಡುವುದು ನಮಗೆ ಬಲು ಇಷ್ಟ, ಅಜ್ಜಿ ಹೇಳಿದ ಕತೆಯಂತೆ. ಆಟೋದ ಗೆಳೆಯ ಸಿಟ್ಟಾಗಿದ್ದಾನೆ. “ಅಲ್ಲೂ ಚೆನ್ನನ್ನ ಕೊಂದ್ರು. ಚೋಮನೂ ಸತ್ತ. ಬರೆದೋರು ಬೇರೆ ಆದ್ರೂ ಸಾಯೋರು ನಾವೇನಾ?” ಅಂತಾನೆ. ಕೊಲೆ ಮಾಡಿದ್ದು ಬರೆದವರಲ್ಲ ಅಂತ ನಾವು. ಹುಡುಗಿ ಗೀತಾ ನಾಗಭೂಷಣ ಅವರ ‘ಬದುಕು’ ಹಿಡಿದುಕೊಂಡು ಬಂದಿದ್ದಳು, 2004ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ. “ಗಂಡಸರು ಸಾಯೋ ಲೆಕ್ಕ ಬಿಡಿ. ಸಾಕವ್ವ ಕಡಲೆಕಾಯಿ ತಿಂದು ಬದುಕಿದ್ದಾಳಲ್ಲ, ಅವಳ ಬಗ್ಗೆ ಮಾತಾಡಿ,” ಅಂದಳು. ಇನ್ನೂ ತೀರ್ಮಾನ ಆಗಿಲ್ಲ. ‘ಬದುಕು’ ಈಗ ಕಾವಲಿನ ಗೆಳೆಯನ ಕೈಯಲ್ಲಿದೆ, ರಾತ್ರಿ ಪಾಳಿಯಲ್ಲಿ ಓದುತ್ತಿದ್ದಾನೆ.