ಶೀಲಾ ಗೌಡ: ಸಗಣಿ, ಕುಂಕುಮ, ಕೂದಲುಗಳ ಕಲಾವಿದೆ

ಭದ್ರಾವತಿಯನ್ನು ಹಾದು ಬರುವ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ದಾವಣಗೆರೆ ಜಿಲ್ಲೆಯ ಹರಿಹರವನ್ನು ಮುಟ್ಟುತ್ತದೆ. ಅದೇ ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಇಂದು ಜಗತ್ತಿನ ಪ್ರಮುಖ ಸಮಕಾಲೀನ ಕಲಾವಿದರಲ್ಲಿ ಒಬ್ಬರು. ದಾವಣಗೆರೆ ಸೀಮೆಯ ಯಾವ ಮನೆಗೂ ಹೊಸದಲ್ಲದ ವಸ್ತುಗಳೇ ಅವರ ಕಲೆಯ ಸಾಮಗ್ರಿ.

ಅಸಾಂಪ್ರದಾಯಿಕ ಮಾಧ್ಯಮ ಎಂದರೇನು?

ತೈಲವರ್ಣ, ಕ್ಯಾನ್ವಾಸ್, ಶಿಲೆ, ಕಂಚು ಇವು ಕಲೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾಧ್ಯಮಗಳು. ದಿನಬಳಕೆಯ ಅಥವಾ ಬಿಸಾಡಿದ ವಸ್ತುವನ್ನು ಕಲಾವಿದರು ಕೈಗೆತ್ತಿಕೊಂಡರೆ ಅದು ಅಸಾಂಪ್ರದಾಯಿಕ ಮಾಧ್ಯಮ. ಅಂಥ ವಸ್ತುಗಳನ್ನು ಒಂದು ಸ್ಥಳದಲ್ಲಿ ಜೋಡಿಸಿ, ನೋಡುಗರು ಅದರ ನಡುವೆ ನಡೆದಾಡುವಂತೆ ಮಾಡಿದರೆ ಅದನ್ನು ಪ್ರತಿಷ್ಠಾಪನ ಕಲೆ ಎನ್ನುತ್ತಾರೆ. ಬಣ್ಣದ ಟ್ಯೂಬಿಗೆ ಪೂರ್ವಕಥೆಯಿಲ್ಲ. ಕುಂಕುಮಕ್ಕೆ, ಸಗಣಿಗೆ, ಕೂದಲಿಗೆ ಇದೆ. ಆ ಕಥೆಯನ್ನು ಅಳಿಸದೆ ಕೃತಿಯೊಳಗೆ ಉಳಿಸಿಕೊಳ್ಳುವುದೇ ಶೀಲಾ ಅವರ ದೊಡ್ಡ ಶಕ್ತಿ.

ಶಿಕ್ಷಣ

ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಬಳಿ ಕಲಿತ ಶೀಲಾ, ಶಾಂತಿನಿಕೇತನದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಮಾರ್ಗದರ್ಶನ ಪಡೆದರು. 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ನಂತರವೂ ಕೆಲ ವರ್ಷ ಅವರು ಚಿತ್ರಕಾರ್ತಿಯಾಗಿಯೇ ಇದ್ದರು.

ಕ್ಯಾನ್ವಾಸಿನಿಂದ ಸಗಣಿಗೆ

1990ರ ದಶಕದ ಆರಂಭದಲ್ಲಿ ದೇಶದಲ್ಲಿ ನಡೆದ ಕೋಮುಹಿಂಸೆ ಅವರನ್ನು ಕಲಕಿತು. ಕುಂಚದ ಚಿತ್ರ ಆ ಹೊತ್ತಿಗೆ ಸಾಲದೆನಿಸಿ, ಅವರು ಸಗಣಿಯನ್ನು ಆರಿಸಿಕೊಂಡರು. ಸಗಣಿ ಪವಿತ್ರವೂ ಹೌದು, ಉರುವಲೂ ಹೌದು. ಅಂಗಳ ಸಾರಿಸುವ, ಕುಳ್ಳು ತಟ್ಟುವ ಹೆಣ್ಣುಮಕ್ಕಳ ದುಡಿಮೆಯ ಗುರುತೂ ಅದರಲ್ಲಿದೆ. 1996ರ ‘ಮಾರ್ಟರ್ ಲೈನ್’ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಸಾಲಾಗಿ ಸಾಗುತ್ತವೆ. ಇಟ್ಟಿಗೆಗಳ ನಡುವೆ ಗಾರೆಯಿರಬೇಕಾದ ಕಡೆ ಕುಂಕುಮದ ಕೆಂಪು ಗೆರೆಯಿದೆ.

ಸೂಜಿ, ದಾರ, ಕುಂಕುಮ

1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯನ್ನು ತಯಾರಿಸಿದ ಬಗೆ ತಿಳಿದರೆ ಶೀಲಾ ಅವರ ವಿಧಾನವೇ ತಿಳಿದಂತೆ. ಉದ್ದನೆಯ ದಾರವೊಂದನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ದಾರದ ನಡುಮಧ್ಯಕ್ಕೆ ಬರುವವರೆಗೂ ಎಳೆಯಬೇಕು. ಆಗ ಎಳೆ ಎರಡಾಗುತ್ತದೆ. ಮತ್ತೊಂದು ಸೂಜಿ, ಮತ್ತೊಂದು ದಾರ. ಹೀಗೆ ಹತ್ತಾರು ಸಲ. ಬಳಿಕ ಎಲ್ಲ ಎಳೆಗಳನ್ನೂ ಒಟ್ಟುಗೂಡಿಸಿ, ಅಂಟಿನಲ್ಲಿ ಕಲಸಿದ ಕುಂಕುಮವನ್ನು ಕೈಯಿಂದಲೇ ಸವರಿ ಒಂದು ಹುರಿಯಾಗಿಸಬೇಕು. ಗೋಡೆ, ನೆಲಗಳ ಮೇಲೆ ಕರುಳಿನಂತೆ ಸುರುಳಿಗೊಂಡ ಆ ಕೆಂಪು ಹುರಿಯ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಮಿನುಗುತ್ತವೆ. ಹತ್ತಿಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯವರಿಗೆ ಒಂದು ಎಳೆ ನೂಲಿನ ಹಿಂದೆ ಎಷ್ಟು ಕೈಗಳಿರುತ್ತವೆ ಎಂಬುದನ್ನು ವಿವರಿಸಬೇಕಿಲ್ಲ.

ಮುಡಿಯ ಕೂದಲು, ಕಾರಿನ ಬಂಪರ್

ಭಕ್ತರು ದೇವರಿಗೆ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ ತಯಾರಿಕೆಗೆ ಹೋಗುತ್ತದೆ. ಉಳಿದ ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡುತ್ತಾರೆ. ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು ಚಾಲಕರು ಅದನ್ನು ವಾಹನದ ಬಂಪರಿಗೆ ಕಟ್ಟುತ್ತಾರೆ. ಈ ಕರಿಹಗ್ಗವೇ 2009ರ ‘ಬಿಹೋಲ್ಡ್’ ಕೃತಿಯ ಜೀವಾಳ. ಸುಮಾರು 4,000 ಮೀಟರ್ ಕೂದಲ ಹಗ್ಗ ಹೊಳೆಯುವ ಸುಮಾರು 20 ಉಕ್ಕಿನ ಬಂಪರುಗಳನ್ನು ಗೋಡೆಯ ಮೇಲೆ ತೂಗಿ ಹಿಡಿದಿದೆ. ಅಷ್ಟು ಭಾರದ ಉಕ್ಕನ್ನು ಎತ್ತಿರುವುದು ಯಾರದೋ ತಲೆಯ ಹಗುರ ಕೂದಲು, ಯಾರದೋ ಹರಕೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾದ ಈ ಕೃತಿ ಇಂದು ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ.

ಡ್ರಮ್ಮು ಮತ್ತು ಧೂಪ

ರಸ್ತೆ ಕಾರ್ಮಿಕರು ಖಾಲಿ ಡಾಂಬರು ಡ್ರಮ್ಮುಗಳನ್ನು ಸೀಳಿ, ತಟ್ಟಿ ತಗಡಾಗಿಸಿ ಗುಡಿಸಲು ಕಟ್ಟಿಕೊಳ್ಳುತ್ತಾರೆ. 2006ರ ‘ಡಾರ್ಕ್‌ರೂಮ್’ ಅಂಥದೇ ಒಂದು ರಚನೆ. ಹೊರಗೆ ಡ್ರಮ್ಮುಗಳು ಕೋಟೆಯ ಕಂಬಗಳಂತೆ ನಿಂತಿವೆ. ಬಗ್ಗಿ ಒಳಗೆ ನುಸುಳಿದರೆ ಕತ್ತಲೆ; ತಲೆಯೆತ್ತಿದರೆ ಚಾವಣಿಯ ಸಣ್ಣ ತೂತುಗಳಿಂದ ಬರುವ ಬೆಳಕು ನಕ್ಷತ್ರಗಳಂತೆ ಕಾಣುತ್ತದೆ. ಜರ್ಮನಿಯ ಕಾಸೆಲ್‌ನಲ್ಲಿ 2007ರ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಅವರು ಕೊಂಡೊಯ್ದ ‘ಕೊಲ್ಯಾಟರಲ್’ ಊದುಬತ್ತಿಯ ಹಿಟ್ಟಿನಿಂದ ರೂಪಿಸಿ, ಸುಟ್ಟ ಕೃತಿ. ನೋಡಲು ಉಳಿದದ್ದು ಬೂದಿಯ ಆಕಾರಗಳು ಮಾತ್ರ.

2019ರಲ್ಲಿ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾ ಕಲಾಕೇಂದ್ರದಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದೇ ವರ್ಷ ಅವರಿಗೆ ಮಾರಿಯಾ ಲಾಸ್ನಿಗ್ ಕಲಾಪ್ರಶಸ್ತಿ ಸಂದಿತು.

ಒರಳುಕಲ್ಲುಗಳ ಪ್ರಯಾಣ

2012ರ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಗೆ ಶೀಲಾ, ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ ‘ಸ್ಟಾಪ್‌ಓವರ್’ ರಚಿಸಿದರು. ಇದಕ್ಕಾಗಿ ಸುಮಾರು 170 ಒರಳುಕಲ್ಲುಗಳು ಬೆಂಗಳೂರಿನಿಂದ ಕೊಚ್ಚಿಗೆ ಹೋದವು. ಮಿಕ್ಸಿ, ಗ್ರೈಂಡರುಗಳು ಬಂದ ಮೇಲೆ ಒರಳಿಗೆ ಕೆಲಸವಿಲ್ಲ. ಹಳೆಯ ಮನೆ ಕೆಡವುವಾಗ, ಅನ್ನ ಕೊಟ್ಟ ಕಲ್ಲನ್ನು ಒಡೆಯಲು ಮನಸ್ಸಾಗದೆ ಜನ ಅದನ್ನು ಬೀದಿಬದಿಗೆ ಸರಿಸಿ ಬಿಟ್ಟಿರುತ್ತಾರೆ. ದಾವಣಗೆರೆ, ಹರಿಹರದ ಹಳೆಯ ಕೇರಿಗಳಲ್ಲೂ ಇಂಥ ಒರಳುಗಳನ್ನು ಕಾಣಬಹುದು: ಗುಂಡುಕಲ್ಲು ಎಲ್ಲೋ ಹೋಗಿರುತ್ತದೆ, ಗುಳಿಯಲ್ಲಿ ಮಳೆನೀರು ನಿಂತಿರುತ್ತದೆ.