ನೀರಿನಡಿ ಹೋದ ಚಿತ್ರಗಳು

ಸಿಯಾಟಲ್ ಅಂದ್ರೆ ಮಳೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಇದೇ ವಾಷಿಂಗ್ಟನ್ ರಾಜ್ಯದ ಪೂರ್ವಭಾಗ ಹೆಚ್ಚೂಕಮ್ಮಿ ಮರುಭೂಮಿ ಅಂದ್ರೆ ಮಾತ್ರ ಯಾರೂ ನಂಬೋಲ್ಲ. ನಾನಿರೋ ಟಕ್ವಿಲಾದಿಂದ ಐ-90 ಹಿಡಿದು, ಸ್ನೋಕ್ವಾಲ್ಮಿ ಘಾಟಿ ದಾಟಿ, ಎರಡು-ಎರಡೂವರೆ ಗಂಟೆ ಕಾರು ಓಡಿಸಿದರೆ ಕೊಲಂಬಿಯಾ ನದಿ ದಂಡೆಯ ವಾಂಟೇಜ್ ಸಿಗುತ್ತೆ. ನಮ್ಮ ಸಹ್ಯಾದ್ರಿಯ ಹಾಗೇ ಇಲ್ಲಿನ ಕ್ಯಾಸ್ಕೇಡ್ ಬೆಟ್ಟಸಾಲು ಮೋಡಗಳನ್ನೆಲ್ಲ ಪಶ್ಚಿಮದಲ್ಲೇ ಹಿಂಡಿಬಿಡುತ್ತೆ. ಆಗುಂಬೆಯಲ್ಲಿ ಬಸ್ಸು ಹತ್ತಿ ಬಾಗಲಕೋಟೆಯಲ್ಲಿ ಇಳಿದಂತೆ!

ವಾಂಟೇಜಿನ ಕಣಿವೆ ಬಾದಾಮಿಯ ಥರ ಕೆಂಪು ಮರಳುಗಲ್ಲಿನದಲ್ಲ, ಕಪ್ಪು ಬಸಾಲ್ಟಿನದು. ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆ ಪದರ ಪದರವಾಗಿ ಹರಿದ ಲಾವಾ ಅದು. ಹಿಮಯುಗದ ಕೊನೆಯಲ್ಲಿ, ಹಿಮದ ಕಟ್ಟೆಗಳು ಒಡೆದಾಗ ನುಗ್ಗಿದ ಪ್ರವಾಹಗಳು ಅದನ್ನು ಇನ್ನಷ್ಟು ಕೊರೆದವು. ಬಾದಾಮಿ ಹತ್ತಿರದ ಶಿಡ್ಲಫಡಿಯಲ್ಲಿ ಆದಿಮಾನವರು ಕೆಂಪು ಬಣ್ಣದಲ್ಲಿ ಚಿತ್ರ ಬರೆದರು. ಇಲ್ಲಿಯವರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಚಿತ್ರ ಮೂಡಿಸಿದರು. ಕೊಂಬಿನ ಕಾಡುಕುರಿ, ಬೇಟೆಗಾರರು, ತಲೆಯಿಂದ ಸೂರ್ಯಕಿರಣ ಹೊರಟಂತಿರೋ ಮನುಷ್ಯರು. ಕುಟ್ಟಿದ ಗೆರೆಯಲ್ಲಿ ಇಂಗಾಲ ಉಳಿಯೋಲ್ಲವಾದ್ದರಿಂದ ಇಂಥವುಗಳ ವಯಸ್ಸು ಹೇಳೋದು ಕಷ್ಟ.

ಈ ದಂಡೆಯವರು ವಾನಪಮ್ ಜನ. ಆ ಹೆಸರಿನ ಅರ್ಥವೇ ನದಿಯ ಜನ. ಅಮೆರಿಕ ಸರ್ಕಾರದ ಜೊತೆ ಅವರು ಯಾವತ್ತೂ ಯುದ್ಧ ಮಾಡಲಿಲ್ಲ, ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಹಾಗಾಗಿ ಅವರದೇ ಅಂತ ಮೀಸಲು ಪ್ರದೇಶವೂ ಸಿಗಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅವರಲ್ಲಿ ಸ್ಮೊಹಾಲಾ ಅಂತ ಒಬ್ಬ ಗುರು ಇದ್ದ. ನೆಲ ಉಳೋದು ತಾಯಿಯ ಎದೆ ಸೀಳಿದ ಹಾಗೆ ಅನ್ನೋದು ಅವನ ನಂಬಿಕೆ. ಅಂಥವರ ನದಿಗೆ 1963ರ ಹೊತ್ತಿಗೆ ಅಣೆಕಟ್ಟು ಎದ್ದು ನಿಂತಿತು. ಅದಕ್ಕಿಟ್ಟ ಹೆಸರು? ವಾನಪಮ್ ಡ್ಯಾಮ್! (ಮುಳುಗಿಸಿದವರ ಹೆಸರನ್ನೇ ಇಡೋದು ಅಮೆರಿಕನ್ನರ ಹಳೇ ಚಾಳಿ. ನಮ್ಮ ಟಕ್ವಿಲಾ ಕೂಡ ಚಿನೂಕ್ ಜಾರ್ಗನ್ನಿನ ಪದವೇ. ಹೇಜಲ್‌ನಟ್ ಅಂತ ಅರ್ಥ. ಈಗ ಇಲ್ಲಿರೋದು ದೊಡ್ಡ ಮಾಲ್.)

ನೀರು ಏರುವ ಮೊದಲು ಸುಮಾರು 60 ಚಿತ್ರಗಳನ್ನು ಬಂಡೆಯಿಂದ ಬಿಡಿಸಿ ಮೇಲಕ್ಕೆ ತಂದರು. ಜಿಂಕ್ಗೋ ಪೆಟ್ರಿಫೈಡ್ ಫಾರೆಸ್ಟ್ ಪಾರ್ಕಿನಲ್ಲಿ ಅವನ್ನು ಇವತ್ತೂ ನೋಡಬಹುದು. ಉಳಿದವು ಎಷ್ಟೋ ನೀರಿನಡಿ ಹೋದವು. ಕಟ್ಟಡದ ಪಕ್ಕ ಸಾಲಾಗಿ ಜೋಡಿಸಿಟ್ಟ ಆ ಕಲ್ಲುಗಳನ್ನು ನೋಡ್ತಾ ನನಗನ್ನಿಸಿದ್ದು ಇದು: ಡೇಟಾ ಉಳೀತು, ಮೆಟಾಡೇಟಾ ಹೋಯ್ತು. ಯಾವ ಚಿತ್ರ ಯಾವ ದಿಕ್ಕಿಗಿತ್ತು, ಪಕ್ಕದಲ್ಲಿ ಯಾವುದಿತ್ತು, ಎದುರಿಗೆ ನದಿ ಹೇಗೆ ತಿರುಗುತ್ತಿತ್ತು? ಕೊಲಂಬಿಯಾ ಪ್ರಸ್ಥಭೂಮಿಯ ಬಂಡೆಚಿತ್ರಗಳ ಬಗ್ಗೆ 1992ರಲ್ಲಿ ಪುಸ್ತಕ ಬರೆದ ಜೇಮ್ಸ್ ಕೀಸರ್, ಇವುಗಳಲ್ಲಿ ಹಲವನ್ನು ಏಕಾಂತದಲ್ಲಿ ಉಪವಾಸ ಕೂತು ದರ್ಶನಕ್ಕೆ ಕಾಯೋ ಪದ್ಧತಿಯ ಜೊತೆ ಸೇರಿಸ್ತಾರೆ. ಅದು ನಿಜವಾದರೆ ಜಾಗವೇ ಮುಖ್ಯ, ಕಲ್ಲು ಆಮೇಲೆ. ಗರ್ಭಗುಡಿ ಬಿಟ್ಟು ಮೂರ್ತಿ ಮಾತ್ರ ಮ್ಯೂಸಿಯಮ್ಮಿಗೆ ತಂದರೆ ಹೇಗೋ ಹಾಗೆ.

ಆಲಮಟ್ಟಿ ಹಿನ್ನೀರು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಅಲುಗಿಸದೆ, ಸುತ್ತ ಬಾವಿಯಂಥ ಗೋಡೆ ಕಟ್ಟಿ, ನೀರಿನ ನಡುವೆಯೇ ಉಳಿಸಿಕೊಂಡರು. ಹಳೇ ಬಾಗಲಕೋಟೆಯ ಬೀದಿಗಳಿಗೆ ಆ ಭಾಗ್ಯ ಇರಲಿಲ್ಲ, ಜನ ನವನಗರಕ್ಕೆ ನಡೆದರು. ವಿದ್ಯುತ್ತು, ನೀರಾವರಿ ಬೇಡ ಅನ್ನೋ ಧೈರ್ಯ ನನಗಿಲ್ಲ. ಇದನ್ನು ಟೈಪ್ ಮಾಡ್ತಿರೋ ಲ್ಯಾಪ್‌ಟಾಪಿಗೂ ಬಹುಶಃ ಯಾವುದೋ ಡ್ಯಾಮಿನದೇ ಕರೆಂಟು. ಆದರೆ ಯಾರದು ಮುಳುಗಬೇಕು ಅಂತ ತೀರ್ಮಾನಿಸೋರು ಯಾವಾಗಲೂ ಬೇರೆಯವರೇ ಆಗಿರ್ತಾರಲ್ಲ, ಅದು ಚುಚ್ಚುತ್ತೆ.

ಇದೇ ನದಿಯ ಕೆಳಗೆ, ದಿ ಡಾಲ್ಸ್ ಡ್ಯಾಮಿನಿಂದ 1957ರಲ್ಲಿ ಸೆಲೈಲೋ ಜಲಪಾತವೂ ಚಿತ್ರಗಳಿದ್ದ ಒಂದು ಇಡೀ ಕಣಿವೆಯೂ ಮುಳುಗಿದವು. ಅಲ್ಲಿ ಕತ್ತರಿಸಿ ತೆಗೆದ ಕಲ್ಲುಗಳು ದಶಕಗಟ್ಟಲೆ ಡ್ಯಾಮಿನಲ್ಲೇ ಬಿದ್ದಿದ್ದವು. ಈ ಶತಮಾನದ ಆರಂಭದಲ್ಲಷ್ಟೇ ಕೊಲಂಬಿಯಾ ಹಿಲ್ಸ್ ಪಾರ್ಕಿಗೆ ಬಂದವು. ಆ ಕಾಲುದಾರಿಗೆ ಮೂಲನಿವಾಸಿಗಳ ಭಾಷೆಯಲ್ಲಿ ತೆಮಾನಿ ಪೆಶ್-ವಾ ಅಂತ ಹೆಸರು. ಕಲ್ಲಿನ ಮೇಲೆ ಬರೆದದ್ದು ಅಂತ ಅರ್ಥ.

2014ರ ಫೆಬ್ರವರಿಯಲ್ಲಿ ವಾನಪಮ್ ಡ್ಯಾಮಿನ ಕಂಬವೊಂದರಲ್ಲಿ 65 ಅಡಿ ಉದ್ದದ ಬಿರುಕು ಕಾಣಿಸಿತು. ಒತ್ತಡ ತಗ್ಗಿಸಲು ನೀರನ್ನು ಸುಮಾರು 26 ಅಡಿ ಇಳಿಸಿದರು. ಐವತ್ತು ವರ್ಷ ಯಾರೂ ಕಾಣದ ದಂಡೆ ಹೊರಗೆ ಬಂತು, ಹಳೇ ಕಾಲದ ಮನುಷ್ಯರ ಎಲುಬುಗಳು ಕೂಡ. ಸಿಕ್ಕಿದ್ದನ್ನು ಎತ್ತಿಕೊಂಡು ಹೋಗೋರ ಭಯಕ್ಕೆ ದಂಡೆಗೆ ಜನರ ಪ್ರವೇಶ ನಿಲ್ಲಿಸಿದರು. ರಿಪೇರಿ ಮುಗಿದ ಮೇಲೆ ನೀರು ಮತ್ತೆ ಏರಿತು.